ಟಾಕ್ಸಿಕಾಲಜಿ ಪಿಎಚ್‌ಡಿನಾ, ಎಂಪಿಎಚ್ಚಾ? ಓದಿದವರು ಹೇಳಿ

ಪ್ರಶ್ನೆ

ನಮ್ಮೂರು ಪಾವಗಡದ ಕಡೆ. ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಬೆನ್ನು ಬಗ್ಗುವುದಿಲ್ಲ. ಇಂಥದ್ದರ ಮೇಲೇ ಮುಂದೆ ಕೆಲಸ ಮಾಡಬೇಕು ಅಂತ ಆಸೆ. ಟಾಕ್ಸಿಕಾಲಜಿಯಲ್ಲಿ (ವಿಷವಸ್ತುಗಳ ವಿಜ್ಞಾನ) ಪಿಎಚ್‌ಡಿಗೆ ಹೋಗಲಾ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಲಾ? ಇಲ್ಲೇ ಇರಲಾ, ಹೊರದೇಶ ನೋಡಲಾ? ಮನೆಯಲ್ಲಿ ದೊಡ್ಡ ಸಾಲ ಎತ್ತುವ ಸ್ಥಿತಿ ಇಲ್ಲ. ಅಣ್ಣಂದಿರು, ಅಕ್ಕಂದಿರು ಅನುಭವ ಹೇಳಿ.

ಲಕ್ನೋದಲ್ಲಿ ಪಿಎಚ್‌ಡಿ ಮಾಡಿದವರು

ತಂಗಿ, ಸಾಲದ ಮಾತು ಬಂದಿದ್ದರಿಂದ ಮೊದಲು ದುಡ್ಡಿನ ವಿಚಾರ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ 42,000. 2023ರಿಂದ ಇದೇ ದರ, ಮನೆ ಬಾಡಿಗೆ ಭತ್ಯೆ ಬೇರೆ. ಈ ಫೆಲೋಶಿಪ್ ನಿಮ್ಮ ಹೆಸರಲ್ಲೇ ಇರುತ್ತದೆ. ಹಾಗಾಗಿ ಗೈಡ್ ಹತ್ತಿರ ಪ್ರಾಜೆಕ್ಟ್ ದುಡ್ಡು ಇದೆಯೋ ಇಲ್ಲವೋ ಅನ್ನೋ ತಲೆಬಿಸಿ ಕಡಿಮೆ.

ಒಂದು ತೊಡಕು ಇದೆ. ಪರಿಸರ ವಿಜ್ಞಾನ ಬರೋದು ಯುಜಿಸಿ-ನೆಟ್‌ನಲ್ಲಿ. ಸಿಎಸ್‌ಐಆರ್-ನೆಟ್‌ನಲ್ಲಿ ನಿಮಗೆ ಹತ್ತಿರದ್ದು ಜೀವವಿಜ್ಞಾನ ಅಥವಾ ರಸಾಯನವಿಜ್ಞಾನ. ಯಾವ ಲ್ಯಾಬ್ ಯಾವುದನ್ನು ಕೇಳುತ್ತದೆ ಅಂತ ಪಿಎಚ್‌ಡಿ ಜಾಹೀರಾತು ನೋಡಿಯೇ ಓದಲು ಕೂತುಕೊಳ್ಳಿ.

ನಾನಿದ್ದದ್ದು ಐಐಟಿಆರ್‌ನಲ್ಲಿ, ಅಂದರೆ ಲಕ್ನೋದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆ. 1965ರಲ್ಲಿ ಶುರುವಾದ ಸಂಸ್ಥೆ. ಪದವಿ ಬರೋದು ಎಸಿಎಸ್‌ಐಆರ್ ಅನ್ನೋ ಅಕಾಡೆಮಿಯ ಹೆಸರಲ್ಲಿ. ಟಾಕ್ಸಿಕಾಲಜಿ ಪಿಎಚ್‌ಡಿ ಅಂದರೆ ಬಹುಪಾಲು ಹೀಗೆ: ಒಂದು ರಾಸಾಯನಿಕ, ಒಂದು ಅಂಗ, ಅದರೊಳಗೆ ಅದು ಕೆಡುಕು ಮಾಡುವ ಒಂದು ದಾರಿ. ಜೀವಕೋಶ, ಇಲಿ, ಈಚೆಗೆ ಜೀಬ್ರಾಫಿಶ್. ಡೋಸ್ ಎಷ್ಟು ಏರಿದರೆ ಏನು ಕೆಡುತ್ತದೆ ಅನ್ನೋದನ್ನು ಇಷ್ಟು ಹತ್ತಿರದಿಂದ ಬೇರೆ ಯಾವ ಓದೂ ಕಲಿಸಲ್ಲ. ಆದರೆ ಐದು ವರ್ಷ ಮುಗಿದರೂ ಆ ನೀರು ಕುಡಿದ ಒಬ್ಬ ಮನುಷ್ಯರನ್ನೂ ನೀವು ಭೇಟಿಯಾಗದೆ ಇರಬಹುದು. ಅದು ನಿಮಗೆ ಒಪ್ಪಿಗೆನಾ ಅಂತ ಯೋಚಿಸಿ.

ಚೆನ್ನೈನಲ್ಲಿ ಪರಿಸರ ಆರೋಗ್ಯದ ಕೆಲಸದಲ್ಲಿರುವವರು

ನಾನು ಕೆಮಿಸ್ಟ್ರಿ ಓದಿ ಎಂಪಿಎಚ್‌ಗೆ ಬಂದವನು. ನಿಮ್ಮ ಫ್ಲೋರೈಡನ್ನೇ ಇಟ್ಟುಕೊಂಡು ಹೇಳುತ್ತೇನೆ.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಲೀಟರ್ ಕುಡಿಯುವ ನೀರಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5ರ ತನಕ. ಎಷ್ಟೋ ಎಂಎಸ್ಸಿ ಡಿಸರ್ಟೇಷನ್‌ಗಳಲ್ಲಿ ಹಳ್ಳಿ ಹಳ್ಳಿಯ ನೀರು ತಂದು ಅಳೆದು, ನಕ್ಷೆಗೆ ಕೆಂಪು-ಹಸಿರು ಬಣ್ಣ ತುಂಬಿ ಮುಗಿಸುತ್ತಾರೆ. ಅಲ್ಲಿಗೆ ಗೊತ್ತಾಗಿದ್ದು ಬೋರ್‌ವೆಲ್ ಬಗ್ಗೆ, ಜನರ ಬಗ್ಗೆ ಅಲ್ಲ, ಅಲ್ವಾ? ಬಿಸಿಲಲ್ಲಿ ಕೂಲಿ ಮಾಡುವವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ? ಟೀ ಎಷ್ಟು ಸಲ? ಟೀ ಸೊಪ್ಪಿನಲ್ಲೇ ಫ್ಲೋರೈಡ್ ಇರುತ್ತದೆ. ಅದೇ ನೀರಲ್ಲಿ ಮಾಡಿದ ಮುದ್ದೆ, ಸಾರಿನಿಂದ ಎಷ್ಟು ಹೋಗುತ್ತದೆ? ಊರಿಗೆ ಶುದ್ಧ ನೀರಿನ ಘಟಕ ಬಂದ ಮೇಲೆ ಯಾರು ಅಲ್ಲಿಂದ ಕ್ಯಾನ್ ತರುತ್ತಾರೆ, ಯಾರು ಹಳೇ ನಲ್ಲಿಗೇ ಹೋಗುತ್ತಾರೆ? ಮೂತ್ರದಲ್ಲಿ ಅಳೆದರೆ ಈಚೆಗೆ ಮೈಗೆ ಸೇರಿದ್ದು ತಿಳಿಯುತ್ತದೆ. ಹಲ್ಲಿನ ಪಟ್ಟೆ ಹೇಳೋದು ಚಿಕ್ಕಂದಿನಲ್ಲಿ, ಸುಮಾರು ಎಂಟು ವರ್ಷದೊಳಗೆ ಕುಡಿದಿದ್ದನ್ನು. ಎರಡನ್ನೂ ಒಂದೇ ಅಂತ ಹಿಡಿದರೆ ಲೆಕ್ಕ ತಪ್ಪುತ್ತದೆ. ಊಟದ ವಿಚಾರವೂ ಬಿಡುವಂತಿಲ್ಲ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆಂಧ್ರದ ಫ್ಲೋರೈಡ್ ಹಳ್ಳಿಗಳಲ್ಲಿ ಮಂಡಿ ಒಳಕ್ಕೆ ಬಾಗಿದ ಹುಡುಗರನ್ನು ಕಂಡಾಗ ನೀರಿನ ಜೊತೆಗೆ ಅವರ ತಟ್ಟೆಯನ್ನೂ ನೋಡಿದ್ದರು.

ಇನ್ನೊಂದು ಉದಾಹರಣೆ ಕಾಸರಗೋಡಿನದ್ದು. ಎಣ್ಮಕಜೆ ಪಂಚಾಯತಿಯ ಪಡ್ರೆ, ಅಲ್ಲಿ ಕನ್ನಡದವರೂ ಇದ್ದಾರೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸುರಿದರು. ಅಹಮದಾಬಾದಿನ ಎನ್‌ಐಒಎಚ್ (ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ) ತಂಡ ಆ ಕಡೆಯ 117 ಹುಡುಗರನ್ನೂ, ಸಿಂಪಡಣೆ ಇಲ್ಲದ ಕಡೆಯ 90 ಹುಡುಗರನ್ನೂ ಹೋಲಿಸಿ, ರಕ್ತದಲ್ಲಿ ಎಂಡೋಸಲ್ಫಾನ್ ಅಳೆದು 2003ರಲ್ಲಿ ಪ್ರಕಟಿಸಿತು. ಹುಡುಗರು ಪ್ರಾಯಕ್ಕೆ ಬರೋದು ತಡವಾಗುತ್ತಿದೆ ಅಂತ ಅದರಲ್ಲಿತ್ತು. ಕೀಟನಾಶಕ ಉದ್ಯಮದ ಕಡೆಯಿಂದ ಆಕ್ಷೇಪಗಳು ಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆ ನಿಲ್ಲಿಸಿತು. ಆ ಒಂದು ಪೇಪರ್ ಬರೆಯಲು ರಕ್ತದಲ್ಲಿ ಕೀಟನಾಶಕ ಅಳೆಯುವ ರಸಾಯನಶಾಸ್ತ್ರ ಬೇಕಿತ್ತು, ಹಾರ್ಮೋನ್ ಗೊತ್ತಿರಬೇಕಿತ್ತು, ಹೋಲಿಕೆಗೆ ಯಾವ ಊರು ಸರಿ ಅನ್ನೋದನ್ನು ಆರಿಸುವ ಎಪಿಡೆಮಿಯಾಲಜಿಯೂ (ಜನಸಮುದಾಯದಲ್ಲಿ ಕಾಯಿಲೆ ಯಾಕೆ, ಯಾರಿಗೆ ಬರುತ್ತದೆ ಅನ್ನೋ ಓದು) ಬೇಕಿತ್ತು. ನಮ್ಮಲ್ಲಿ ಇವನ್ನೆಲ್ಲ ಒಂದೇ ಸೂರಿನಡಿ ಕಲಿಸುವ ಕಡೆಗಳು ತೀರಾ ಕಡಿಮೆ. ನೀವೇ ಹೊಲಿದುಕೊಳ್ಳಬೇಕು.

ಎಂಪಿಎಚ್‌ಗೆ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಮಣಿಪಾಲದ ಪ್ರಸನ್ನ ಸ್ಕೂಲ್, ಮೈಸೂರಿನ ಜೆಎಸ್‌ಎಸ್ ಎಲ್ಲ ಇವೆ. ಆದರೆ ನಾನು ನೋಡಿದ ಸಿಲಬಸ್‌ಗಳಲ್ಲಿ ಪರಿಸರ ಆರೋಗ್ಯ ಸಾಮಾನ್ಯವಾಗಿ ಒಂದು ಪೇಪರ್ ಅಷ್ಟೇ. ಅದನ್ನೇ ಮುಖ್ಯವಾಗಿಸಿಕೊಂಡದ್ದು ಚೆನ್ನೈನ ಶ್ರೀ ರಾಮಚಂದ್ರ. ಕಲ್ಪನಾ ಬಾಲಕೃಷ್ಣನ್ ಅವರ ತಂಡ ಅಡುಗೆಮನೆಗಳಿಗೇ ಉಪಕರಣ ಒಯ್ದು ಸೌದೆ ಒಲೆಯ ಹೊಗೆ ಅಳೆದಿದ್ದು ಅಲ್ಲಿಂದಲೇ. ಸೇರುವ ಮುಂಚೆ ಸಿಲಬಸ್ ಜೊತೆಗೆ ಹಳೇ ವಿದ್ಯಾರ್ಥಿಗಳ ಡಿಸರ್ಟೇಷನ್ ಶೀರ್ಷಿಕೆಗಳನ್ನೂ ಕೇಳಿ ತರಿಸಿಕೊಳ್ಳಿ. ಎಲ್ಲವೂ ಬಿಪಿ, ಶುಗರ್, ಲಸಿಕೆ ಬಗ್ಗೆಯೇ ಇದ್ದರೆ ನಿಮಗೆ ಗೈಡ್ ಸಿಗೋದು ಕಷ್ಟ.

ಅಮೆರಿಕದಲ್ಲಿರುವವರು, ಊರು ಹಾಸನ

ಹೊರದೇಶದ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು. ಇಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸ್ ಮನ್ನಾ, ಮೇಲೆ ಸ್ಟೈಪೆಂಡ್. ಎಂಎಸ್ ಮತ್ತು ಎಂಪಿಎಚ್‌ಗೆ ಹೆಚ್ಚಾಗಿ ನಮ್ಮ ಕೈಯಿಂದಲೇ. ಸಾಲ ಬೇಡ ಅನ್ನುವವರು ಇಲ್ಲಿಯ ಎಂಪಿಎಚ್ ಆಸೆ ಸದ್ಯಕ್ಕೆ ಬಿಡೋದೇ ಒಳ್ಳೆಯದು.

ಯುಸಿ ಡೇವಿಸ್, ಯುಸಿ ರಿವರ್‌ಸೈಡ್, ರಟ್ಗರ್ಸ್, ಒರೆಗಾನ್ ಸ್ಟೇಟ್ ಇಲ್ಲೆಲ್ಲ ಟಾಕ್ಸಿಕಾಲಜಿಯಲ್ಲಿ ಪಿಎಚ್‌ಡಿ ಇದೆ. ಇಂಥ ಕಡೆ 'ಎನ್‌ಐಇಎಚ್‌ಎಸ್ (ಇಲ್ಲಿಯ ಸರ್ಕಾರಿ ಪರಿಸರ ಆರೋಗ್ಯ ಸಂಸ್ಥೆ) ಟ್ರೈನಿಂಗ್ ಗ್ರಾಂಟ್ ಇದೆ' ಅಂತ ದೊಡ್ಡದಾಗಿ ಹಾಕಿದ್ದರೆ ನಾವು ಹಿಗ್ಗಬೇಕಾಗಿಲ್ಲ. ಟಿ32 ಅನ್ನೋ ಆ ಗ್ರಾಂಟ್ ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ನಮಗೆ ದುಡ್ಡು ಬರೋದು ಪ್ರೊಫೆಸರ್ ಪ್ರಾಜೆಕ್ಟ್‌ನಿಂದ, ಇಲ್ಲವೇ ಟೀಚಿಂಗ್ ಅಸಿಸ್ಟೆಂಟ್ ಕೆಲಸದಿಂದ. ಆದ್ದರಿಂದ ಇಂಟರ್‌ವ್ಯೂನಲ್ಲಿ ನೇರವಾಗಿ ಕೇಳಿ: 'ಮೂರನೇ ವರ್ಷ ನನಗೆ ಯಾವ ದುಡ್ಡಿಂದ ಕೊಡುತ್ತೀರಿ?' ಕೇಳಿದರೆ ತಪ್ಪು ತಿಳಿಯಲ್ಲ. 2025ರಲ್ಲಿ ಎಷ್ಟೋ ಎನ್‌ಐಎಚ್ (ಇಲ್ಲಿಯ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ) ಗ್ರಾಂಟ್‌ಗಳು ಮಧ್ಯದಲ್ಲೇ ನಿಂತವು, ಕೆಲವು ಕಡೆ ಪಿಎಚ್‌ಡಿ ಸೀಟೇ ಇಳಿಸಿದರು. ಹಾಗಾಗಿ ಈ ಪ್ರಶ್ನೆ ಈಗ ಇನ್ನೂ ಮುಖ್ಯ.

ಯುರೋಪ್ ಕಡೆಯೂ ಒಂದು ಕಣ್ಣಿಡಿ. ಸ್ವೀಡನ್‌ನಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ, ಫೀಸ್ ಇಲ್ಲ. ಕರೋಲಿನ್ಸ್ಕಾದಲ್ಲಿ ಟಾಕ್ಸಿಕಾಲಜಿ ಮಾಸ್ಟರ್ಸ್ ಇದೆ, ಆದರೆ ಅದಕ್ಕೆ ನಮ್ಮಂಥವರು ಫೀಸ್ ಕಟ್ಟಬೇಕು.

ಬೆಂಗಳೂರಿನ ಸಿಆರ್‌ಒ (ಕಂಪನಿಗಳಿಗೆ ಪರೀಕ್ಷೆ ಮಾಡಿಕೊಡುವ ಸಂಶೋಧನಾ ಸಂಸ್ಥೆ) ಒಂದರಲ್ಲಿ ಕೆಲಸ ಮಾಡುವ ಪಶುವೈದ್ಯರು

ಎಲ್ಲರೂ ಪಿಎಚ್‌ಡಿ ಅನ್ನುತ್ತಿದ್ದೀರಿ. ನಾನು ಒಪ್ಪಲ್ಲ. ಎಂಎಸ್ಸಿ ಮುಗಿಸಿ ಎರಡು ವರ್ಷ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಪಾಲಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡಮ್ಮ, ಆಮೇಲೆ ತೀರ್ಮಾನ ಮಾಡು. ಇಲ್ಲಿ ಒಇಸಿಡಿಯ ಪರೀಕ್ಷಾ ಮಾರ್ಗಸೂಚಿ 407 ಅಂದರೆ 28 ದಿನದ ಸ್ಟಡಿ, 408 ಅಂದರೆ 90 ದಿನದ್ದು, 471 ಅಂದರೆ ಬ್ಯಾಕ್ಟೀರಿಯಾದಲ್ಲಿ ಜೀನ್ ಕೆಡುತ್ತದಾ ಅಂತ ನೋಡುವ ಏಮ್ಸ್ ಟೆಸ್ಟ್. ಬೆಳಗ್ಗೆ ಡೋಸಿಂಗ್, ಆಮೇಲೆ ಒಂದೊಂದು ಪ್ರಾಣಿಯನ್ನೂ ನೋಡಿ ಬರೆಯೋದು. ಬರೆದದ್ದನ್ನು ಕ್ಯೂಎಯವರು (ಗುಣಮಟ್ಟ ಪರಿಶೀಲಿಸುವವರು) ಜಾಲಾಡುತ್ತಾರೆ. ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಕೀಟನಾಶಕಕ್ಕೆ 'ದಿನಕ್ಕೆ ಇಷ್ಟು ತಿಂದರೆ ತೊಂದರೆ ಇಲ್ಲ' ಅನ್ನುವ ಅಂಕಿ ಹುಟ್ಟೋದು ಇಲ್ಲೇ. ಪ್ರಾಣಿಗೆ ತೊಂದರೆ ಕಾಣದ ಡೋಸನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಆ 100 ಎಲ್ಲಿಂದ ಬಂತು, ಯಾವಾಗ ಸಾಲದು ಅನ್ನೋದು ಗೊತ್ತಿದ್ದವರು ಪಬ್ಲಿಕ್ ಹೆಲ್ತ್ ಸಭೆಯಲ್ಲಿ ಕೂತರೆ ಮಾತಿಗೆ ಬೆಲೆ ಬೇರೆ.

ಲಕ್ನೋದವರು, ಮತ್ತೆ

ಸರ್, ಸಿಆರ್‌ಒಗೆ ಹೋದವರು ನೆಟ್ ಓದೋದು ಕಷ್ಟ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿಯೂ ಇದೆ. ಎಂಎಸ್ಸಿ ಬಿಸಿ ಆರುವ ಮುಂಚೆ ಪರೀಕ್ಷೆ ಬರೆದುಬಿಡಲಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಚೆನ್ನೈ ಅಣ್ಣ ಹೇಳಿದ್ದು ಓದಿದ ಮೇಲೆ ಡಿಸರ್ಟೇಷನ್‌ನಲ್ಲೇ ನೀರಿನ ಜೊತೆ ಮಕ್ಕಳ ಮೂತ್ರದ ಸ್ಯಾಂಪಲ್ಲೂ ತೆಗೆಯೋಣ ಅನ್ನಿಸುತ್ತಿದೆ. ಮುಂದಿನ ಸೆಮಿಸ್ಟರ್‌ನಲ್ಲೇ ಶುರು. ಮೊದಲು ಏನು ಮಾಡಲಿ?

ಚೆನ್ನೈನವರು

ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಒಂದು ಮಗುವಿನ ಸ್ಯಾಂಪಲ್ಲೂ ಮುಟ್ಟಬೇಡಿ. ಆಮೇಲೆ ತಗೊಂಡರಾಯಿತು ಅನ್ನುವ ಹಾಗಿಲ್ಲ. ನಿಮ್ಮ ವಿಭಾಗಕ್ಕೆ ಕಮಿಟಿ ಇಲ್ಲದಿದ್ದರೆ ಹತ್ತಿರದ ಮೆಡಿಕಲ್ ಕಾಲೇಜಿನ ಕಮ್ಯೂನಿಟಿ ಮೆಡಿಸಿನ್ ವಿಭಾಗದಲ್ಲಿ ಯಾರನ್ನಾದರೂ ಕೋ-ಗೈಡ್ ಆಗಿ ಅಂತ ಕೇಳಿ. ತಂದೆ-ತಾಯಿ ಸಹಿ ಮಾಡುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ನಿಮ್ಮೂರಲ್ಲಿ ತೆಲುಗು ಮಾತಾಡುವವರೂ ಇದ್ದಾರೆ, ಅದನ್ನೂ ನೋಡಿಕೊಳ್ಳಿ. 2008-09ರಲ್ಲಿ ಶುರುವಾದ ರಾಷ್ಟ್ರೀಯ ಫ್ಲೋರೋಸಿಸ್ (ಫ್ಲೋರೈಡ್ ಜಾಸ್ತಿಯಾಗಿ ಬರುವ ಕಾಯಿಲೆ) ಕಾರ್ಯಕ್ರಮದಲ್ಲಿ ಜಿಲ್ಲಾ ಸಲಹೆಗಾರರ ಹುದ್ದೆ ಇದೆ. ತುಮಕೂರಿನ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಫ್ಲೋರೈಡ್ ಅಳೆಯುವ ಅಯಾನ್ ಮೀಟರ್ ಬಳಸಲು ಬಿಡುತ್ತಾರಾ ಅಂತಲೂ ಕೇಳಿ. ಮೂತ್ರದಲ್ಲಿ ಕ್ರಿಯಾಟಿನಿನ್ (ಮೂತ್ರ ಎಷ್ಟು ಗಟ್ಟಿ ಅಂತ ತಿಳಿಸುವ ವಸ್ತು) ಕೂಡ ಅಳೆಸಿ, ಇಲ್ಲದಿದ್ದರೆ ಆ ದಿನ ನೀರು ಕಡಿಮೆ ಕುಡಿದ ಮಗುವಿನ ಅಂಕಿ ಸುಮ್ನೆ ಜಾಸ್ತಿ ಕಾಣುತ್ತದೆ.

ಪಶುವೈದ್ಯರು

ಬಾಟಲಿ ಪ್ಲಾಸ್ಟಿಕ್ಕಿನದ್ದೇ ತಗೋ. ಗಾಜಿಗೂ ಫ್ಲೋರೈಡಿಗೂ ಆಗಲ್ಲ.