ನೂರು ಡಾಲರ್ ಕೊಟ್ಟ ಮಾರ್ಗರೋಸನೈಟ್ ಹೊಳೆಯುತ್ತಲೇ ಇಲ್ಲ, ಇದು ಅಸಲೀನಾ?

ಸುಮ_ಎಡಿಸನ್:
ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಕಲ್ಲು ಕೂಡಿಡುವ ಹುಚ್ಚು ಈಚೆಗೆ ಹಿಡಿದಿದೆ. ಹೋದ ತಿಂಗಳು ಇಲ್ಲಿನ ಒಂದು ಖನಿಜ ಮೇಳದಲ್ಲಿ ನೂರು ಡಾಲರ್ ಕೊಟ್ಟು ಹೆಬ್ಬೆಟ್ಟಿನಷ್ಟು ದೊಡ್ಡ ತುಂಡು ತಗೊಂಡೆ. ಜೊತೆಗೊಂದು ಹಳದಿಯಾದ ಚೀಟಿ ಇದೆ. ಅದರಲ್ಲಿ ಶಾಯಿಯಲ್ಲಿ "ಮಾರ್ಗರೋಸನೈಟ್, ಪಾರ್ಕರ್ ಶಾಫ್ಟ್, ಫ್ರಾಂಕ್ಲಿನ್" ಅಂತ ಬರೆದಿದೆ. ಫ್ರಾಂಕ್ಲಿನ್ ಇಲ್ಲೇ ನ್ಯೂಜೆರ್ಸಿಯ ಹಳೇ ಸತುವಿನ ಗಣಿ ಊರು, ಪಾರ್ಕರ್ ಶಾಫ್ಟ್ ಅಲ್ಲಿನ ಒಂದು ಗಣಿಬಾವಿ. ಕಲ್ಲಿನಲ್ಲಿ ಬಿಳಿ ಪದರಗಳಿವೆ, ನಡುವೆ ಕಂದುಗೆಂಪು ಕಾಳುಗಳಿವೆ.

ಮಾರಿದವರು ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುತ್ತೆ ಅಂದಿದ್ದರು. ಮನೆಗೆ ತಂದು ನನ್ನ ಯುವಿ (ಅತಿನೇರಳೆ) ಟಾರ್ಚ್ ಬಿಟ್ಟರೆ ಏನೂ ಇಲ್ಲ! ಟಾರ್ಚ್ ಮೇಲೆ 395 ಅಂತ ಇದೆ. ನಮ್ಮ ಯಜಮಾನರು "ರಂಗೋಲಿ ಕಲ್ಲಿಗೆ ನೂರು ಡಾಲರಾ" ಅಂತ ದಿನಾ ರೇಗಿಸುತ್ತಾರೆ. ಮೋಸ ಹೋದೆನಾ? ಇನ್ನೊಂದು, ಇದರಲ್ಲಿ ಸೀಸ ಇದೆಯಂತೆ. ಮನೆಯಲ್ಲಿ ಸಣ್ಣ ಮಗು ಇದೆ. ಇಟ್ಟುಕೊಳ್ಳಬಹುದಾ?

ಬ್ಯಾಟರಿ_ಬಸ್ಯ:
ಆ ಟಾರ್ಚು ಚೇಳು ಹುಡುಕೋಕೆ, ನೋಟು ನೋಡೋಕೆ ಸರಿ. ಇದಕ್ಕೆ ಆಗಲ್ಲ, ಬೇರೆ ದೀಪ ಬೇಕು. ಅದು ಸಿಗೋವರೆಗೆ ಸುಮ್ನೆ ಎರಡು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಕ್ಯಾಲ್ಸೈಟ್, ಅಂದ್ರೆ ಬರೀ ಸುಣ್ಣಕಲ್ಲಿನ ಖನಿಜ, ನೂರು ಡಾಲರ್ ಗೋವಿಂದ.

ಹಟ್ಟಿ_ನಿವೃತ್ತ:
ಬಸ್ಯಾ ಅವರ ಮಾತು ಅರ್ಧ ಸರಿ. ವಿನೆಗರ್ ಮಾತ್ರ ದಯವಿಟ್ಟು ಬೇಡ. ಫ್ರಾಂಕ್ಲಿನ್ ಅದಿರು ಕೂತಿರುವುದೇ ಅಮೃತಶಿಲೆಯಲ್ಲಿ. ಅಸಲಿ ತುಂಡಿನಲ್ಲೂ ಕ್ಯಾಲ್ಸೈಟ್ ಇರುತ್ತೆ, ನೊರೆ ಬರುತ್ತೆ. ಅದರಿಂದ ಏನೂ ತಿಳಿಯಲ್ಲ, ಕಲ್ಲು ಹಾಳಾಗೋದಷ್ಟೇ ಲಾಭ.

ನಾನು ಹಟ್ಟಿ ಚಿನ್ನದ ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದೆ. ಈಗ ವರ್ಷಕ್ಕೊಮ್ಮೆ ಮಗಳ ಮನೆಗೆ ನ್ಯೂಜೆರ್ಸಿಗೆ ಬರುತ್ತೇನೆ. ಮೊಮ್ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವುದಕ್ಕಿಂತ ಫ್ರಾಂಕ್ಲಿನ್‌ಗೆ ಹೋಗೋದೇ ನನಗೆ ಇಷ್ಟ. ಮಗಳಿಗೆ ಅಷ್ಟಾಗಿ ಇಷ್ಟ ಇಲ್ಲ.

ಮೊದಲು ದೀಪದ ವಿಷಯ ನೋಡ್ರಿ. ಮಾರ್ಗರೋಸನೈಟ್ ಅಂದರೆ ಒಂದು ಸೀಸ, ಎರಡು ಕ್ಯಾಲ್ಸಿಯಂ, ಮೂರು ಸಿಲಿಕಾನ್, ಒಂಬತ್ತು ಆಕ್ಸಿಜನ್. ಕ್ಯಾಲ್ಸಿಯಂ ಜಾಗದಲ್ಲಿ ಒಂಚೂರು ಮ್ಯಾಂಗನೀಸ್ ಸೇರಿಕೊಂಡಿರುತ್ತೆ. ತೂಕದಲ್ಲಿ ಶೇಕಡಾ 40ರಷ್ಟು ಸೀಸವೇ. ಆ ನೀಲಿ-ಬಿಳಿ ಹೊಳಪು ಬರುವುದೂ ಸೀಸದಿಂದ. ಅದು ಹೀರಿಕೊಳ್ಳುವುದು ಕಿರು ಅಲೆಯ ಯುವಿಯನ್ನು, ಅಂದರೆ 254 ನ್ಯಾನೊಮೀಟರ್ ಆಸುಪಾಸಿನದನ್ನು. ನಿಮ್ಮ 395 ಟಾರ್ಚ್ ಬರೀ ನೇರಳೆ ಬೆಳಕು. ಹೊಳೆಯದಿದ್ದರೆ ಅದು ಕಲ್ಲಿನ ತಪ್ಪಲ್ಲ.

254ರ ದೀಪ ಸಿಕ್ಕಾಗ ಒಂದು ಕೆಲಸ ಮಾಡಿ. ಕಲ್ಲಿಗೂ ದೀಪಕ್ಕೂ ನಡುವೆ ಮಾಮೂಲಿ ಗಾಜಿನ ಚೂರು ಹಿಡಿಯಿರಿ. ಹೊಳಪು ಥಟ್ಟನೆ ನಿಂತರೆ ಅದು ನಿಜವಾದ ಕಿರು ಅಲೆಯ ಹೊಳಪು, ಯಾಕೆಂದರೆ ಗಾಜು ಅದನ್ನು ದಾಟಲು ಬಿಡಲ್ಲ. ಆ ದೀಪವನ್ನು ನೇರವಾಗಿ ನೋಡಬೇಡಿ, ಚರ್ಮಕ್ಕೂ ಒಳ್ಳೆಯದಲ್ಲ. ಕಣ್ಣಿಗೆ ಕನ್ನಡಕ ಇರಲಿ.

ಆದರೆ ಬಣ್ಣ ಒಂದನ್ನೇ ನೋಡಿ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. ನಮ್ಮ ಹಟ್ಟಿ ಅದಿರಿನಲ್ಲಿ, ಕೋಲಾರದಲ್ಲೂ, ಶೀಲೈಟ್ ಇದೆ. ಅದು ಟಂಗ್‌ಸ್ಟನ್ ಖನಿಜ. ಇದೇ ದೀಪಕ್ಕೆ ಅದೂ ನೀಲಿ-ಬಿಳಿಯಾಗೇ ಹೊಳೆಯುತ್ತೆ. ಆದರೆ ಅದರ ಗಡಸುತನ (ವಜ್ರಕ್ಕೆ ಹತ್ತು ಕೊಡುವ ಮೋಸ್ ಅಳತೆಯಲ್ಲಿ) 4.5ರಿಂದ 5, ಸಾಂದ್ರತೆ ನೀರಿನ 6 ಪಟ್ಟಿನ ಹತ್ತಿರ. ಮಾರ್ಗರೋಸನೈಟ್ ಮೆತ್ತಗೆ, 2.5ರಿಂದ 3. ಸಾಂದ್ರತೆ 4.3ರಷ್ಟು. ಕ್ಯಾಲ್ಸೈಟ್ 2.7 ಮಾತ್ರ. ಆದ್ದರಿಂದ ಅದೇ ಗಾತ್ರದ ಸುಣ್ಣಕಲ್ಲಿಗಿಂತ ಕೈಗೆ ಭಾರ ಅನಿಸಬೇಕು. ಕೆರೆದು ನೋಡೋಕೆ ಹೋಗಬೇಡಿ.

ಕೆರೆಯುವ ಬದಲು ಹತ್ತು ಪಟ್ಟಿನ ಲೆನ್ಸ್ ತಗೊಂಡು ಬಿಳಿ ಪದರ ನೋಡಿ. ಇದು ಒಂದು ದಿಕ್ಕಿನಲ್ಲಿ ಬಹಳ ಸಲೀಸಾಗಿ ಸೀಳುತ್ತೆ. ಸೀಳಿದ ಮುಖದ ಮೇಲೆ ಮುತ್ತಿನ ಹೊಳಪು ಇರುತ್ತೆ. ನನಗೆ ದೀಪಕ್ಕಿಂತ ಈ ಗುರುತಿನ ಮೇಲೇ ನಂಬಿಕೆ ಜಾಸ್ತಿ.

ನೀವು ಹೇಳಿದ ಕಂದುಗೆಂಪು ಕಾಳುಗಳು ಹ್ಯಾನ್ಕಾಕೈಟ್ ಆಗಿದ್ದರೆ ಬಹಳ ಒಳ್ಳೆ ಲಕ್ಷಣ. ಅದೂ ಸೀಸದ ಸಿಲಿಕೇಟೇ. ಪಾರ್ಕರ್ ಶಾಫ್ಟಿನಿಂದ 1890ರ ದಶಕದಲ್ಲಿ ಇಂಥವು ಒಂದರ ಹಿಂದೆ ಒಂದು ಹೊರಬಂದವು. 1897ರಲ್ಲಿ ರೋಬ್ಲಿಂಗೈಟ್ ಬಂತು. ಬ್ರೂಕ್ಲಿನ್ ಸೇತುವೆ ಕಟ್ಟಿಸಿದ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಇದ್ದಾರಲ್ಲ, ಅವರ ಹೆಸರಿನದು. ಆತನೂ ನಿಮ್ಮ ಹಾಗೇ ಕಲ್ಲು ಹುಚ್ಚಿನವರು, ದುಡ್ಡು ಮಾತ್ರ ಜಾಸ್ತಿ ಇತ್ತು. 1899ರಲ್ಲಿ ನ್ಯಾಸೊನೈಟ್. ಮಾರ್ಗರೋಸನೈಟ್‌ಗೆ 1916ರವರೆಗೆ ಹೆಸರಿರಲಿಲ್ಲ, ಫೋರ್ಡ್ ಮತ್ತು ಬ್ರಾಡ್ಲಿ ಎಂಬ ವಿಜ್ಞಾನಿಗಳು ಆಗ ಅದನ್ನು ವರ್ಣಿಸಿದರು.

ಮಗುವಿನ ವಿಷಯ. ಡಬ್ಬಿಯಲ್ಲಿ ಮುಚ್ಚಿ ಮೇಲಿನ ಕಪಾಟಿನಲ್ಲಿಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಕತ್ತರಿಸುವುದು, ಉಜ್ಜುವುದು, ಪುಡಿ ಮಾಡುವುದು ಬೇಡವೇ ಬೇಡ. ಭಯ ಇರುವುದು ಧೂಳಿನದು.

ಸುಮ_ಎಡಿಸನ್:
ತುಂಬಾ ಥ್ಯಾಂಕ್ಸ್ ಸರ್. ಮುತ್ತಿನ ಹೊಳಪು ಇದೆ! ಒಂದು ದಡ್ಡ ಪ್ರಶ್ನೆ. ಸೀಸದ ಗಣಿ ಲೋಕದ ತುಂಬಾ ಇವೆ. ಇದು ಮಾತ್ರ ಯಾಕೆ ಇಷ್ಟು ಅಪರೂಪ?

ಹಟ್ಟಿ_ನಿವೃತ್ತ:
ದಡ್ಡ ಪ್ರಶ್ನೆ ಅಲ್ಲ ತಂಗಿ. ಇಡೀ ವಿಷಯದಲ್ಲಿ ಸ್ವಾರಸ್ಯ ಇರುವುದೇ ಅಲ್ಲಿ.

ಸೀಸಕ್ಕೆ ಗಂಧಕ ಕಂಡರೆ ಬಿಡಲಾರದ ನಂಟು. ಗಂಧಕ ಸಿಕ್ಕರೆ ಸಾಕು, ಗೆಲೀನಾ (ಸೀಸದ ಸಲ್ಫೈಡ್, ಅಂದರೆ ಸೀಸ-ಗಂಧಕದ ಖನಿಜ) ಆಗಿ ಕೂತುಬಿಡುತ್ತೆ. ಸಿಲಿಕಾ ಕಡೆ ತಿರುಗಿಯೂ ನೋಡಲ್ಲ. ಲೋಕದ ಹೆಚ್ಚಿನ ಸೀಸದ ಗಣಿಗಳು ಗೆಲೀನಾ ಗಣಿಗಳೇ. ಫ್ರಾಂಕ್ಲಿನ್ ಅದಿರಿನಲ್ಲಿ ಗಂಧಕಕ್ಕೆ ಬಡತನ, ಆಕ್ಸಿಜನ್ನಿಗೆ ಬರವಿಲ್ಲ, ಮ್ಯಾಂಗನೀಸ್ ಧಾರಾಳ. ಅಲ್ಲಿ ಸತು ಕೂಡ ಸಲ್ಫೈಡ್ ಆಗದೆ ಫ್ರಾಂಕ್ಲಿನೈಟ್, ವಿಲ್ಲೆಮೈಟ್, ಜಿಂಕೈಟ್ ಆಯಿತು. ಇದೆಲ್ಲ ನೂರು ಕೋಟಿ ವರ್ಷಗಳಿಗೂ ಹಿಂದೆ ಬೆಂದ ಬಂಡೆ. ಗಂಧಕ ಸಿಗದ ಸೀಸ ಕ್ಯಾಲ್ಸಿಯಂ, ಸಿಲಿಕಾ ಜೊತೆ ಸೇರಿತು. ಇಂಥ ಜಾಗ ಭೂಮಿಯಲ್ಲಿ ಬೆರಳೆಣಿಕೆಯಷ್ಟು.

ಒಳಗಿನ ಜೋಡಣೆ ಇನ್ನೂ ಚೆಂದ. ಮೂರು ಮೂರು ಸಿಲಿಕಾ ಘಟಕಗಳು ಉಂಗುರ ಕಟ್ಟಿವೆ. ಭೂಮಿಯ ಬಹಳ ಆಳದಿಂದ ಬರುವ ಕೆಲವು ವಜ್ರಗಳೊಳಗೆ ಬ್ರೇಯೈಟ್ ಅಂತ ಒಂದು ಖನಿಜ ಸಿಗುತ್ತೆ. ಅದರದ್ದೂ ಇದೇ ಜೋಡಣೆ, ಸೀಸ ಮಾತ್ರ ಇಲ್ಲ. ಅದಕ್ಕೂ ನಿಮ್ಮ ರಂಗೋಲಿ ಕಲ್ಲಿಗೂ ದಾಯಾದಿ ಸಂಬಂಧ ಅಂತ ಯಜಮಾನರಿಗೆ ಹೇಳಿ.

ವಾರ್ಮ್‌ಲಾಂಡ್_ಕನ್ನಡಿಗ:
ಇನ್ನೊಂದು ಜಾಗ ನಮ್ಮ ಕಡೆ ಇದೆ. ಸ್ವೀಡನ್ನಿನ ಲಾಂಗ್‌ಬಾನ್. ಕಬ್ಬಿಣ, ಮ್ಯಾಂಗನೀಸ್ ಗಣಿ, 1972ರಲ್ಲಿ ಮುಚ್ಚಿತು. ಮಾರ್ಗರೋಸನೈಟ್ ಇಲ್ಲೂ ಸಿಕ್ಕಿದೆ. ಅದರ ನೆಂಟ ಗ್ಯಾನೊಮಲೈಟ್ ಮೊದಲು ಗುರುತಾದದ್ದೇ ಇಲ್ಲಿ. ಅದೂ ಸೀಸ-ಕ್ಯಾಲ್ಸಿಯಂ ಸಿಲಿಕೇಟ್. ಅಮೆರಿಕದ ಅಂತರ್ಯುದ್ಧದ 'ಮಾನಿಟರ್' ಯುದ್ಧನೌಕೆ ರೂಪಿಸಿದ ಜಾನ್ ಎರಿಕ್ಸನ್ ಹುಟ್ಟಿದ್ದೂ ಇದೇ ಊರಲ್ಲಿ, 1803ರಲ್ಲಿ. ಕಲ್ಲಿನವರು ಬಿಟ್ಟರೆ ಇಲ್ಲಿಗೆ ಬರುವವರು ಅವರ ಅಭಿಮಾನಿಗಳು.

ಸುಮ_ಎಡಿಸನ್:
ಗೆಳತಿಯ ಹತ್ತಿರ 254ರ ದೀಪ ಸಿಕ್ಕಿತು. ಬಿಳಿ ಪದರ ಪೂರ್ತಿ ನೀಲಿ-ಬಿಳಿ! ಅಂಚಿನಲ್ಲಿ ಹಸಿರು ಚುಕ್ಕೆಗಳೂ ಇವೆ. ಗಾಜು ಅಡ್ಡ ಹಿಡಿದರೆ ಎಲ್ಲ ಕಪ್ಪು. ಈಗ ಅದೇ ಮಾರಾಟಗಾರರು ಇನ್ನೊಂದು ತುಂಡು ಇದೆ, ಎಸ್ಪೆರೈಟ್, ನಿಂಬೆ ಹಳದಿ ಹೊಳೆಯುತ್ತೆ ಅಂತಿದ್ದಾರೆ. ಬೆಲೆ ಇನ್ನೂ ಜಾಸ್ತಿ.

ಹಟ್ಟಿ_ನಿವೃತ್ತ:
ಹಸಿರು ವಿಲ್ಲೆಮೈಟ್ ಇರಬೇಕು. ಎಲ್ಲ ಹೊಂದುತ್ತೆ, ನಿಮ್ಮ ತುಂಡು ಅಸಲಿ ಅಂತಲೇ ನನ್ನ ಅಭಿಪ್ರಾಯ. ಗಣಿ 1954ರಲ್ಲೇ ಮುಚ್ಚಿದೆ. ಹಾಗಾಗಿ ಆ ಹಳೇ ಚೀಟಿಯನ್ನು ಕಲ್ಲಿನಷ್ಟೇ ಜೋಪಾನ ಮಾಡಿ.

ಎಸ್ಪೆರೈಟ್ ಸೀಸ, ಕ್ಯಾಲ್ಸಿಯಂ, ಸತು ಸೇರಿದ ಸಿಲಿಕೇಟ್. ಮೊದಲು ಅದನ್ನು ಕ್ಯಾಲ್ಸಿಯಂ ಲಾರ್ಸೆನೈಟ್ ಅನ್ನುತ್ತಿದ್ದರು, ಈಗಿನ ಹೆಸರು 1965ರದ್ದು. ಹಳದಿ ಹೊಳಪು ನಿಜ, ಬಹಳ ಪ್ರಖರ. ದುಡ್ಡು ಕೊಡುವ ಮುಂಚೆ ಒಂದು ಶನಿವಾರ ಫ್ರಾಂಕ್ಲಿನ್ ಮಿನರಲ್ ಮ್ಯೂಸಿಯಂಗೆ ಹೋಗಿ ಅಲ್ಲಿರುವ ತುಂಡನ್ನು ಕಣ್ತುಂಬ ನೋಡಿ ಬನ್ನಿ. ಪಕ್ಕದ ಆಗ್ಡೆನ್ಸ್‌ಬರ್ಗ್‌ನಲ್ಲಿ ಸ್ಟರ್ಲಿಂಗ್ ಹಿಲ್ ಗಣಿಯೂ ಇದೆ, ಒಳಗೆ ಕರೆದೊಯ್ಯುತ್ತಾರೆ. ಮಾರಾಟಗಾರರ ಹತ್ತಿರ ಹೋಗುವಾಗ ಗೆಳತಿಯ ದೀಪ ತಗೊಂಡೇ ಹೋಗಿ. ಅವರ ದೀಪದಲ್ಲಿ ನೋಡಬೇಡಿ.