ಗಾಯ, ಆಪರೇಷನ್, ಕಾಯಿಲೆ ಆದ್ಮೇಲೆ ಮತ್ತೆ ಬೈಕ್ ಹತ್ತೋದು ಯಾವಾಗ? ಫಿಸಿಯೋ ಮೇಡಂಗೆ ಕೇಳಿ

ನಮಸ್ಕಾರ ಎಲ್ರಿಗೂ. ನಾನು ಫಿಸಿಯೋಥೆರಪಿಸ್ಟ್, ಬೈಕೂ ಓಡಿಸ್ತೀನಿ. "ಮತ್ತೆ ಯಾವಾಗ ಓಡಿಸ್ಬಹುದು" ಅನ್ನೋ ಪ್ರಶ್ನೆ ಗ್ರೂಪಲ್ಲಿ ತುಂಬಾ ಬರ್ತಿದೆ ಅಂತ ಅಡ್ಮಿನ್ ಹೇಳಿದ್ರು, ಅದಕ್ಕೆ ಇವತ್ತು ಕೂತಿದ್ದೀನಿ, ಕೇಳಿ. ನಿಮ್ಮ ಎಕ್ಸ್‌ರೇ, ರಿಪೋರ್ಟ್ ಯಾವ್ದೂ ನಾನು ನೋಡಿಲ್ಲ ಅನ್ನೋದು ನೆನಪಿರ್ಲಿ. ನಿಮ್ಮ ಡಾಕ್ಟರ್ ಬೇಡ ಅಂದಿದ್ರೆ ಬೇಡ, ನಾನು ಬೇರೆ ಹೇಳ್ದೆ ಅಂತ ಹೋಗಿ ಹತ್ಬೇಡಿ.

ಪ್ರಶ್ನೆ: ಮೇಡಂ, ಎಡಗಡೆ ಕಾಲರ್ ಬೋನ್ ಮುರಿದು ಎಂಟು ವಾರ ಆಯ್ತು. ಆಪರೇಷನ್ ಇಲ್ಲ, ಬರೀ ಸ್ಲಿಂಗ್. ಹೋದ ವಾರ ಎಕ್ಸ್‌ರೇ ನೋಡಿ ಡಾಕ್ಟರ್ ಕೂಡ್ಕೊಂಡಿದೆ ಅಂದ್ರು. ಬೈಕ್ ವಿಷ್ಯ ಕೇಳೋಕೆ ಮರ್ತೇಹೋಯ್ತು. ನೋವೂ ಇಲ್ಲ. ನಾಳೆಯಿಂದ ಶುರು ಮಾಡ್ಲಾ?

ಉತ್ತರ: ನಾಳೆ ಬೇಡ. ಮೂಳೆ ಕೂಡ್ಕೊಂಡಿದೆ ಅಂದ್ರೆ ಮೂಳೆ ಕೂಡ್ಕೊಂಡಿದೆ ಅಷ್ಟೇ, ಬೈಕ್ ಓಡಿಸೋಕೆ ಭುಜ ರೆಡಿ ಇದೆ ಅಂತ ಅಲ್ಲ. ದೊಡ್ಡೋರಿಗೆ ಕಾಲರ್ ಬೋನ್ ಕೂಡೋಕೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು, ಅಷ್ಟೂ ದಿನ ಕೈ ಸ್ಲಿಂಗಲ್ಲಿ ತೂಗಾಡ್ತಿದ್ರೆ ಭುಜದ ಸುತ್ತ ಇರೋ ಮಾಂಸಖಂಡ ಸೊರಗಿರುತ್ತೆ, ಕೀಲು ಬಿಗಿದಿರುತ್ತೆ. ಸುಮ್ನೆ ಕೂತಾಗ ನೋವಿಲ್ಲ ಅನ್ನೋದು ಲೆಕ್ಕಕ್ಕೆ ಬರಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಇಡೀ ಮೈ ಮುಂದಕ್ಕೆ ಬರುತ್ತಲ್ಲ, ಅದನ್ನ ತಡೆಯೋದು ನಿಮ್ಮ ಎರಡು ಕೈ, ಆ ಭಾರ ಹೋಗಿ ನಿಲ್ಲೋದು ಭುಜಕ್ಕೆ, ಅಲ್ಲಿಂದ ಕಾಲರ್ ಬೋನಿಗೆ. ಗುಂಡಿಗೆ ಮುಂದಿನ ಚಕ್ರ ಬಿದ್ದಾಗ್ಲೂ ಅದೇ ದಾರಿ.

ಮನೇಲೇ ನೋಡ್ಕೊಳ್ಳಿ. ಎರಡೂ ಕೈ ತಲೆ ಮೇಲೆ ಸಮಾ ಎತ್ತೋಕೆ ಆಗುತ್ತಾ? ಗೋಡೆಗೆ ಕೈ ಊರಿ ಪುಷ್ ಅಪ್ ನೋವಿಲ್ದೆ ಆಗುತ್ತಾ? ಆದ್ರೆ ಆಮೇಲೆ ಟೇಬಲ್ ಅಂಚು, ಆಮೇಲೆ ನೆಲದ ಮೇಲೆ ಮಂಡಿ ಊರಿ. ಕತ್ತು ತಿರುಗಿಸಿ ಎರಡೂ ಕಡೆ ಹಿಂದೆ ನೋಡೋಕಾಗುತ್ತಾ? ಇಷ್ಟಾದ್ಮೇಲೆ ಎಂಜಿನ್ ಆಫ್ ಮಾಡಿ ಬೈಕನ್ನ ತಳ್ಳಿಕೊಂಡು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, ತಳ್ಳೋಕೇ ಆಗ್ದೇ ಇದ್ರೆ ಓಡಿಸೋ ಮಾತು ಬೇಡ. ಡಾಕ್ಟರ್‌ಗೆ ಫೋನ್ ಮಾಡಿ "ಬೈಕ್ ಓಡಿಸ್ಬಹುದಾ" ಅಂತ ಅದೇ ಮಾತಲ್ಲಿ ಕೇಳಿ, "ಕೆಲ್ಸಕ್ಕೆ ಹೋಗ್ಬಹುದಾ" ಅಂತ ಕೇಳಿದ್ರೆ ಅವ್ರು ಬೇರೆ ಏನೋ ಅಂದ್ಕೊಂಡು ಹೂಂ ಅಂತಾರೆ. ಇನ್ನೊಂದು, ಬ್ಯಾಗಿನ ಪಟ್ಟಿ ಸರಿಯಾಗಿ ಅದೇ ಮೂಳೆ ಮೇಲೆ ಕೂರುತ್ತೆ, ಸ್ವಲ್ಪ ದಿನ ಬ್ಯಾಗ್ ಹೆಗಲಿಗೆ ಹಾಕ್ಬೇಡಿ.

ಪ್ರಶ್ನೆ: ಬಲಗೈ ಮಣಿಕಟ್ಟಿಗೆ ಪ್ಲೇಟ್ ಹಾಕಿದ್ದಾರೆ ಮೇಡಂ, ಮೂರು ತಿಂಗ್ಳಾಯ್ತು. ನಾನು ಕೇಳ್ದೇ ಓಡಿಸೋಕೆ ಶುರು ಮಾಡ್ಬಿಟ್ಟಿದ್ದೀನಿ, ಬೈಬೇಡಿ. ಓಡಿಸೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಸ್ವಲ್ಪ ಹೊತ್ತಾದ್ಮೇಲೆ ಮೊಣಕೈ, ಭುಜ ಹಿಡ್ಕೊಳ್ಳುತ್ತೆ. ಮಣಿಕಟ್ಟಲ್ಲಿ ನೋವಿಲ್ಲ, ಭುಜದಲ್ಲಿ ಯಾಕೆ?

ಉತ್ತರ: ಬೈಯಲ್ಲ, ಆದ್ರೆ ತೊಂದ್ರೆ ಇಲ್ಲ ಅಂತಾನೂ ಹೇಳಲ್ಲ. ಬೈಕ್ ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಸಿ, ಆಫ್ ಮಾಡಿ, ಕೂತು, ಯಾರಿಗಾದ್ರೂ ಹಿಂದಿನಿಂದ ವಿಡಿಯೋ ಮಾಡೋಕೆ ಹೇಳಿ. ಆಕ್ಸಿಲರೇಟರ್ ತಿರುಗಿಸಿ, ಬಿಡಿ, ಮುಂದಿನ ಬ್ರೇಕ್ ಪೂರ್ತಿ ಅಮುಕಿ. ಇದನ್ನೇ ಇಪ್ಪತ್ತು ಸಲ. ನನ್ನ ಅಂದಾಜು, ಏಳೆಂಟು ಸಲ ಆಗೋಷ್ಟ್ರಲ್ಲಿ ನಿಮ್ಮ ಬಲ ಮೊಣಕೈ ಹೊರಗಡೆ ಎದ್ದಿರುತ್ತೆ, ಭುಜ ಕಿವಿ ಹತ್ರ ಬಂದಿರುತ್ತೆ. ಮಣಿಕಟ್ಟು ಹಿಂದಕ್ಕೆ ಬಾಗ್ತಿಲ್ಲ, ಅದರ ಕೆಲ್ಸಾನ ಮೊಣಕೈ, ಭುಜ ಮಾಡ್ತಿವೆ. ಅದಕ್ಕೇ ಅಲ್ಲಿ ನೋವು.

ಬಲಗೈ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಯಾಕಂದ್ರೆ ಆಕ್ಸಿಲರೇಟರೂ ಅಲ್ಲೇ, ಮುಂದಿನ ಬ್ರೇಕೂ ಅಲ್ಲೇ. ಜೋರಾಗಿ ನಿಲ್ಸುವಾಗ ಭಾರ ಎಲ್ಲ ಮುಂದಿನ ಚಕ್ರಕ್ಕೆ ಹೋಗೋದ್ರಿಂದ ಬೈಕ್ ನಿಲ್ಲೋದು ಹೆಚ್ಚಾಗಿ ಮುಂದಿನ ಬ್ರೇಕಿಂದಾನೇ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್. ಕೈ ಬಿಗಿದಿದ್ದು ಅರ್ಧ ಸೆಕೆಂಡ್ ತಡ ಆದ್ರೂ ಎಂಟು ಮೀಟರ್ ಮುಂದೆ ಹೋಗಿರ್ತೀರ, ಇನ್ನೂ ಬ್ರೇಕ್ ಹಿಡಿಯೋಕೆ ಶುರುವೇ ಮಾಡಿರಲ್ಲ. ಮಾಮೂಲಿಯಾಗಿ ಓಡಿಸುವಾಗ ಇದು ಗೊತ್ತೇ ಆಗಲ್ಲ, ಯಾರೋ ಅಡ್ಡ ಬಂದಾಗ ಗೊತ್ತಾಗುತ್ತೆ.

ಸದ್ಯಕ್ಕೆ ಬೈಕ್ ಬಿಡಿ. ಮಣಿಕಟ್ಟು ಹಿಂದಕ್ಕೆ ಬಗ್ಗಿಸೋ ವ್ಯಾಯಾಮ, ಹಿಡಿತಕ್ಕೆ ಸ್ಮೈಲಿ ಬಾಲೋ ಒದ್ದೆ ಟವಲ್ ಹಿಂಡೋದೋ, ನಿಮ್ಮ ಫಿಸಿಯೋ ಹತ್ರ ಕೇಳಿ ಮಾಡಿ. ಹಿಡಿತದ ಬಲ ಪೂರ್ತಿ ಬರೋಕೆ ಮೂಳೆಗಿಂತ ಜಾಸ್ತಿ ತಿಂಗಳು ಹಿಡಿಯುತ್ತೆ, ಅದು ಸಹಜ.

ಅದೇ ಸದಸ್ಯರು: ವಿಡಿಯೋ ಮಾಡಿಸ್ದೆ ಮೇಡಂ, ನೀವು ಹೇಳಿದ್ದೇ ಆಯ್ತು, ಹೆಂಡ್ತಿ ನಗ್ತಾ ಇದ್ಲು, ಕೋಳಿ ರೆಕ್ಕೆ ಎತ್ತಿದ ಹಾಗಿದೆ ಅಂತ. ಬ್ರೇಕ್ ಲಿವರ್ ದೂರ ಇದೆ, ಬೆರಳು ಎಳೆದು ಹಿಡೀಬೇಕು, ಅದಕ್ಕೇನಾದ್ರೂ ಮಾಡ್ಬಹುದಾ?

ಉತ್ತರ: ಮಾಡ್ಬಹುದು. ತುಂಬಾ ಬೈಕಲ್ಲಿ ಲಿವರ್ ಹತ್ರಕ್ಕೆ ತರೋಕೆ ಅಡ್ಜಸ್ಟರ್ ಇರುತ್ತೆ, ಇಲ್ಲಾಂದ್ರೆ ಅಡ್ಜಸ್ಟ್ ಆಗೋ ಲಿವರ್ ಹಾಕಿಸ್ಬಹುದು. ಕೂತಾಗ ಮೊಣಕೈಯಿಂದ ಬೆರಳ ತನಕ ಕೈ ನೇರ ಬರೋ ಹಾಗೆ ಲಿವರ್ ಕೋನಾನೂ ಮೆಕ್ಯಾನಿಕ್ ಹತ್ರ ಸರಿ ಮಾಡಿಸ್ಕೊಳ್ಳಿ. ಎಡಗೈ ಏಟಾದವ್ರಿಗೂ ಇದೇ ಮಾತು, ಕ್ಲಚ್ ಕೇಬಲ್ ಹಳೇದಾಗಿ ಗಟ್ಟಿಯಾಗಿದ್ರೆ ಬದಲಾಯಿಸಿ ನೋಡಿ, ಅರ್ಧ ಕಷ್ಟ ಅಲ್ಲೇ ಕಮ್ಮಿ ಆಗುತ್ತೆ. ಮತ್ತೆ, ಇದನ್ನ ಓದ್ತಿರೋ ಯಾರಿಗಾದ್ರೂ ಕೈ ಊರಿ ಬಿದ್ದಾದ್ಮೇಲೆ ಹೆಬ್ಬೆರಳ ಬುಡದ ಗುಳಿಯಲ್ಲಿ ಅಮುಕಿದ್ರೆ ನೋವಿದ್ದು, ಎಕ್ಸ್‌ರೇ ನಾರ್ಮಲ್ ಅಂತ ಕಳಿಸಿದ್ರೆ, ವಾಪಸ್ ಹೋಗಿ ತೋರಿಸಿ. ಸ್ಕೇಫಾಯ್ಡ್ ಅಂತ ಒಂದು ಚಿಕ್ಕ ಮೂಳೆ ಅಲ್ಲಿದೆ, ಮುರಿದಿದ್ರೂ ಶುರುವಲ್ಲಿ ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ, ರಕ್ತ ಕಮ್ಮಿ ಹೋಗೋ ಜಾಗ, ವಾಸಿಯಾಗೋದು ತುಂಬಾ ನಿಧಾನ.

ಪ್ರಶ್ನೆ: ಎಡಗಾಲಿನ ಆಂಕಲ್ (ಪಾದದ ಕೀಲು) ಮುರಿದಿತ್ತು. ಗೇರ್ ಹಾಕೋದು ಆ ಕಾಲಲ್ಲೇ ಅಲ್ವಾ, ಅದಕ್ಕೆ ಬೈಕ್ ಬಿಟ್ಟು ಸ್ಕೂಟರ್ ತಗೊಳ್ಳೋಣ ಅಂತ. ಸ್ಕೂಟರ್ ಆದ್ರೆ ಬೇಗ ಶುರು ಮಾಡ್ಬಹುದಲ್ವಾ ಮೇಡಂ, ಕಾಲಿಗೆ ಕೆಲ್ಸಾನೇ ಇಲ್ಲ?

ಉತ್ತರ: ಓಡ್ತಾ ಇರುವಾಗ ಕೆಲ್ಸ ಇಲ್ಲ, ನಿಂತಾಗ ಎಲ್ಲ ಕೆಲ್ಸ ಕಾಲಿಗೇ. ಸಿಗ್ನಲ್ಲಲ್ಲಿ ನಿಲ್ಸಿದ್ರಿ, ಎಡಗಾಲು ಊರಿದ್ರಿ, ಕೆಳಗೆ ಮರಳೋ ಜಲ್ಲಿಕಲ್ಲೋ ಇದೆ, ಗಾಡಿ ಆ ಕಡೆ ವಾಲ್ತು. ಆ ಒಂದು ಕ್ಷಣಕ್ಕೆ ನೂರು ಕೆಜಿಗಿಂತ ಜಾಸ್ತಿ ಇರೋ ಗಾಡಿ ಪ್ಲಸ್ ನೀವು, ಎರಡೂ ಆ ಆಂಕಲ್ ಮೇಲೆ. ಸ್ಕೂಟರ್ ತಗೊಳ್ಳಿ, ಒಳ್ಳೇದೇ, ಗೇರ್ ಎತ್ತೋ ನೋವು ತಪ್ಪುತ್ತೆ, ಆದ್ರೆ ಅದಕ್ಕೆ ಮುಂಚೆ ಬರಿಗಾಲಲ್ಲಿ ಆ ಒಂದೇ ಕಾಲ ಮೇಲೆ ಅರ್ಧ ನಿಮಿಷ ನಿಲ್ಲೋಕೆ ಆಗ್ಬೇಕು, ಅದೇ ಒಂದು ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋಕೆ ಆಗ್ಬೇಕು, ಯಾರಾದ್ರೂ ಪಕ್ಕದಿಂದ ಮೆಲ್ಲಗೆ ತಳ್ಳಿದ್ರೆ ಟಕ್ ಅಂತ ಕಾಲು ಪಕ್ಕಕ್ಕಿಟ್ಟು ನಿಲ್ಲೋಕೆ ಆಗ್ಬೇಕು. ನಿಧಾನವಾಗಿ ಕಾಲು ಇಡೋದು ಎಲ್ರಿಗೂ ಬರುತ್ತೆ, ಬೇಗ ಇಡೋದು ಬರ್ಬೇಕು.

ಬಲಗಾಲು ಆಗಿದ್ರೆ ಹಿಂದಿನ ಬ್ರೇಕಿನ ಲೆಕ್ಕವೂ ಸೇರುತ್ತೆ. ಬಲ ಆಂಕಲ್ ಆಪರೇಷನ್ ಆದವ್ರು ಕಾರಿನ ಬ್ರೇಕ್ ಎಷ್ಟು ಬೇಗ ಒತ್ತುತ್ತಾರೆ ಅಂತ ಅಳೆದು ನೋಡಿದಾಗ ಮಾಮೂಲಿ ಮಟ್ಟಕ್ಕೆ ಬರೋಕೆ ಆಪರೇಷನ್ ಆಗಿ ಸುಮಾರು 9 ವಾರ ಬೇಕಾಯ್ತು. ಅದು ಸೀಟಲ್ಲಿ ಒರಗಿ ಕೂತು ಒತ್ತೋ ಕಾರು. ಬೈಕಿಗೆ ಅದಕ್ಕಿಂತ ಜಾಸ್ತಿ ಅಂತಾನೇ ಇಟ್ಕೊಳ್ಳಿ. ಆಮೇಲೆ ಸಿಗರೇಟ್ ಸೇದ್ತಿದ್ರೆ ನಿಲ್ಸಿ, ಮೂಳೆ ಕೂಡೋದನ್ನ ಅದು ನಿಧಾನ ಮಾಡುತ್ತೆ.

ಪ್ರಶ್ನೆ: ಅಪ್ಪಂಗೆ ಬೈಪಾಸ್ ಆಗಿ ಒಂದೂವರೆ ತಿಂಗ್ಳು ಮೇಡಂ. ವಾಕಿಂಗ್ ಎಲ್ಲ ಚೆನ್ನಾಗಿ ಮಾಡ್ತಾರೆ. ದಿನಾ ಬೈಕ್ ಕೀ ಎಲ್ಲಿ ಅಂತ ಕೇಳ್ತಾರೆ, ನಾನು ಬಚ್ಚಿಟ್ಟಿದ್ದೀನಿ. ಮನೇಲಿ ಇದೇ ಜಗಳ.

ಉತ್ತರ: ಕೀ ಬಚ್ಚಿಟ್ರೆ ಜಗಳ ನಿಲ್ಲಲ್ಲಮ್ಮ, ಮುಂದಿನ ಸಲ ಹೃದಯದ ಡಾಕ್ಟರ್ ಹತ್ರ ಹೋದಾಗ ಅಪ್ಪಾನೇ ಕೇಳ್ಲಿ, ಅವ್ರ ಬಾಯಿಂದ ಬಂದ್ರೆ ಒಪ್ತಾರೆ. ಓಪನ್ ಸರ್ಜರಿಯಲ್ಲಿ ಎದೆಮೂಳೆನ ಕತ್ತರಿಸಿ ಆಮೇಲೆ ತಂತಿ ಹಾಕಿ ಕೂಡಿಸಿರ್ತಾರೆ. ಅದು ಬೆಸೆಯೋಕೆ 6ರಿಂದ 8 ವಾರ ಆದ್ರೂ ಬೇಕು, ಭಾರ ಎಳೆಯೋ ತಳ್ಳೋ ಕೆಲ್ಸಕ್ಕೆ ಮೂರು ತಿಂಗ್ಳ ತನಕ ಕಾಯಿರಿ ಅಂತ ಹೇಳೋದು ಸಾಮಾನ್ಯ. ವಾಕಿಂಗಿಗೆ ಎದೆಮೂಳೆ ಕೆಲ್ಸ ಕಮ್ಮಿ, ಆದ್ರೆ ಬೈಕನ್ನ ಡಬಲ್ ಸ್ಟ್ಯಾಂಡ್ ಹಾಕೋದು, ಪಾರ್ಕಿಂಗಿಂದ ಹಿಂದಕ್ಕೆ ಎಳೆಯೋದು, ಇದೆಲ್ಲ ನೇರ ಅಲ್ಲಿಗೇ ಹೋಗೋದು. ಅಪ್ಪಂಗೆ ಇದನ್ನ ಹೇಳಿ, "ಓಡಿಸ್ಬೇಡಿ" ಅನ್ನೋದಕ್ಕಿಂತ "ಸ್ಟ್ಯಾಂಡ್ ಹಾಕೋಕಾಗಲ್ಲ" ಅಂದ್ರೆ ಬೇಗ ಅರ್ಥ ಆಗುತ್ತೆ.

ಡಾಕ್ಟರ್ ಹತ್ರ ಎರಡು ವಿಷ್ಯ ಮರೀದೆ ಎತ್ತಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಸಣ್ಣಗೆ ಬಿದ್ರೂ ರಕ್ತಸ್ರಾವ ಜಾಸ್ತಿ, ತಲೆಗೆ ಏಟಾದ್ರಂತೂ ಅಪಾಯ. ಇನ್ನೊಂದು ಬಿಪಿ ಮಾತ್ರೆ, ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಬರೋ ಹಾಗಿದ್ರೆ ಡೋಸ್ ಸರಿಹೋಗೋ ತನಕ ಎರಡು ಚಕ್ರದ ಗಾಡಿ ಬೇಡವೇ ಬೇಡ.

ಪ್ರಶ್ನೆ: ಡಿಸ್ಕ್ ನೋವಿಗೆ ಪ್ರೆಗಾಬಲಿನ್ ಕೊಟ್ಟಿದ್ದಾರೆ. ರಾತ್ರಿ ಮಾತ್ರ ತಗೊಳ್ತೀನಿ. ಬೆಳಿಗ್ಗೆ ಬೈಕ್ ಓಡಿಸ್ಬಹುದಾ?

ಉತ್ತರ: ಬೆಳಿಗ್ಗೆ ಎದ್ದಾಗ ತಲೆ ಮಂಕಾಗಿದ್ರೆ, ತೂರಾಡಿದ ಹಾಗಾದ್ರೆ ಇಲ್ಲ. ಶುರು ಮಾಡಿದ ಮೊದಲ ಕೆಲವು ದಿನ, ಡೋಸ್ ಜಾಸ್ತಿ ಮಾಡಿದ ದಿನಗಳು, ಇವೆರಡರಲ್ಲಿ ಓಡಿಸ್ಲೇಬೇಡಿ. ಗಾಬಾಪೆಂಟಿನ್, ಟ್ರಮಡಾಲ್, ಕೆಲವು ನೆಗಡಿ ಮಾತ್ರೆಗಳೂ ಇದೇ ಸಾಲು. ಅದರ ಜೊತೆ ಕುಡಿತ ಸೇರಿದ್ರೆ ಇನ್ನೂ ಕೆಟ್ಟದ್ದು. ಹಾಗಂತ ಮಾತ್ರೆನ ನೀವೇ ಏಕ್ದಂ ನಿಲ್ಸಬೇಡಿ, ಬರ್ಕೊಟ್ಟವ್ರನ್ನ ಕೇಳಿ.

ಪ್ರಶ್ನೆ: ಬಿದ್ದಾಗ ತಲೆಗೆ ಏಟಾಗಿತ್ತು, ಸ್ಕ್ಯಾನ್ ನಾರ್ಮಲ್. ಹೆಲ್ಮೆಟ್‌ಗೆ ಒಂದು ಗೀಚು ಬಿಟ್ರೆ ಏನೂ ಆಗಿಲ್ಲ, ಒಳ್ಳೇ ಹೆಲ್ಮೆಟ್, ಅದನ್ನೇ ಹಾಕ್ಕೊಳ್ಳಬಹುದಾ?

ಉತ್ತರ: ಬಿಸಾಕಿ. ಒಳಗಿರೋ ಥರ್ಮಾಕೋಲ್ ತರದ ಪದರ ಒಂದು ಸಲ ಅಮುಕಿಕೊಂಡು ಏಟು ತಿನ್ನೋಕೆ ಇರೋದು, ಮತ್ತೆ ಉಬ್ಬಲ್ಲ, ಹೊರಗಿಂದ ನಿಮಗೆ ಕಾಣೋದೂ ಇಲ್ಲ. ನಿಮ್ಮ ತಲೆ ವಿಷ್ಯ, ಸ್ಕ್ಯಾನ್ ನಾರ್ಮಲ್ ಇದ್ರೂ ಕನ್ಕಷನ್ (ಏಟಿಗೆ ಮೆದುಳು ಅಲುಗಾಡಿ ಅದರ ಕೆಲ್ಸ ಸ್ವಲ್ಪ ದಿನ ಏರುಪೇರಾಗೋದು) ಇರ್ಬಹುದು, ಅದು ಸ್ಕ್ಯಾನಲ್ಲಿ ಕಾಣಲ್ಲ. ತಲೆನೋವು, ಬೆಳಕು ಚುಚ್ಚೋದು, ಗಮನ ನಿಲ್ದೇ ಇರೋದು, ಕತ್ತು ತಿರುಗಿಸಿದ್ರೆ ತಲೆ ಸುತ್ತೋದು, ಇದ್ರಲ್ಲಿ ಒಂದಿದ್ರೂ ಹತ್ಬೇಡಿ. ವಾಂತಿ ಶುರುವಾದ್ರೆ, ತಲೆನೋವು ಜಾಸ್ತಿ ಆಗ್ತಾ ಹೋದ್ರೆ ಗ್ರೂಪಲ್ಲಿ ಕೇಳ್ತಾ ಕೂರ್ಬೇಡಿ, ಆಸ್ಪತ್ರೆಗೆ ಹೋಗಿ. ಏಟಾದ್ಮೇಲೆ ಫಿಟ್ಸ್ ಬಂದಿದ್ರೆ ಅದು ಬೇರೇನೇ, ನರರೋಗದ ಡಾಕ್ಟರ್ ಮತ್ತೆ ನಿಮ್ಮೂರಿನ ಲೈಸೆನ್ಸ್ ಕಾನೂನು ಎರಡೂ ಒಪ್ಪೋ ತನಕ ಓಡಿಸೋ ಹಾಗಿಲ್ಲ.

ಪ್ರಶ್ನೆ: ಮೈ ಪೂರ್ತಿ ಸರಿಯಾಗಿದೆ, ಡಾಕ್ಟರೂ ಓಕೆ ಅಂದಿದ್ದಾರೆ. ಆದ್ರೆ ಪಕ್ಕದಲ್ಲಿ ಲಾರಿ ಬಂದ್ರೆ ಕೈ ಕಲ್ಲಾಗ್ಬಿಡುತ್ತೆ ಮೇಡಂ. ಸ್ನೇಹಿತ್ರು ಹೈವೇಗೆ ಬಾ ಎಲ್ಲ ಸರಿ ಹೋಗುತ್ತೆ ಅಂತಾರೆ. ಹೋಗ್ಲಾ, ಇಲ್ಲ ಬೈಕೇ ಮಾರಿಬಿಡ್ಲಾ?

ಉತ್ತರ: ಹೈವೇಗೆ ಹೋಗ್ಬೇಡಿ, ಬೈಕೂ ಇವತ್ತೇ ಮಾರ್ಬೇಡಿ. ಕೈ ಬಿಗಿಯಾದ್ರೆ ಹ್ಯಾಂಡಲ್ ತಿರುಗಲ್ಲ, ಬೈಕ್ ನೀವು ಹೇಳಿದ ಕಡೆ ಹೋಗಲ್ಲ, ಅದರಿಂದ ಇನ್ನೂ ಹೆದರಿಕೆ. ಜೊತೆಗೆ ಹೆದರಿದಾಗ ಕಣ್ಣು ಆ ಲಾರಿ ಮೇಲೇ ನೆಡುತ್ತೆ, ಕಣ್ಣು ಹೋದ ಕಡೆ ಬೈಕ್ ಹೋಗುತ್ತೆ. ಖಾಲಿ ಮೈದಾನದಲ್ಲಿ ಶುರು ಮಾಡಿ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡ್ಕೊಳ್ಳಿ, ಮೊಣಕೈ ಸಡಿಲ ಬಿಡಿ, ಇಪ್ಪತ್ತರ ಸ್ಪೀಡಲ್ಲಿ ದೊಡ್ಡ ಎಂಟು ಹಾಕಿ, ನೋಟ ಹೋಗ್ಬೇಕಾದ ಕಡೆಗಿರ್ಲಿ. ಆಮೇಲೆ ನೇರ ಹೋಗ್ತಾ ಬ್ರೇಕ್, ಮೊದ್ಲು ಮೆತ್ತಗೆ, ಆಮೇಲೆ ಜೋರಾಗಿ. ಇದು ಬೇಜಾರು ಬರೋಷ್ಟು ಸುಲಭ ಆದಾಗ ಬೆಳಿಗ್ಗೆ ಬೇಗ ಖಾಲಿ ರಸ್ತೆ. ಲಾರಿ ಇರೋ ರಸ್ತೆ ಕೊನೆಗೆ. ಆ ಸ್ನೇಹಿತ್ರ ಜೊತೆ ಗುಂಪಲ್ಲಿ ಸದ್ಯಕ್ಕೆ ಬೇಡ, ಅವ್ರ ಸ್ಪೀಡಿಗೆ ಹೋಗ್ಬೇಕಾಗುತ್ತೆ.

ಆಕ್ಸಿಡೆಂಟ್ ಕನಸಲ್ಲಿ ಬರ್ತಿದೆ, ಆ ರಸ್ತೆಗೇ ಹೋಗೋಕಾಗಲ್ಲ, ಇದು ತಿಂಗ್ಳಾದ್ರೂ ಹಾಗೇ ಇದೆ ಅಂದ್ರೆ ಕೌನ್ಸೆಲರ್ ನೋಡಿ, ಅದಕ್ಕೆ ಚಿಕಿತ್ಸೆ ಇದೆ, ಕೆಲ್ಸಾನೂ ಮಾಡುತ್ತೆ. ಇಷ್ಟೆಲ್ಲ ಆದ್ಮೇಲೂ ಬೇಡ ಅನ್ಸಿದ್ರೆ ಮಾರಿ, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ನನ್ನ ಹತ್ರ ಬರೋ ಕೆಲವ್ರು ಬಿಟ್ಟು ಆರಾಮಾಗಿದ್ದಾರೆ.

ಪ್ರಶ್ನೆ: ಆರು ತಿಂಗ್ಳಿಂದ ಬೈಕ್ ನಿಂತಿದೆ. ಏನೇನು ನೋಡ್ಬೇಕು?

ಉತ್ತರ: ಇದು ಮೆಕ್ಯಾನಿಕ್ ಇಲಾಖೆ, ನನಗೆ ಗೊತ್ತಿರೋಷ್ಟು ಹೇಳ್ತೀನಿ. ಬ್ಯಾಟರಿ ಇಳಿದಿರುತ್ತೆ, ಟೈರ್ ಗಾಳಿ ಕಮ್ಮಿಯಾಗಿರುತ್ತೆ, ಚೈನ್ ಒಣಗಿರುತ್ತೆ, ಪೆಟ್ರೋಲ್ ಹಳೇದಾಗಿರುತ್ತೆ. ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ದಾಟಿದ್ರೆ ಬದಲಾಯಿಸಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ರ 23ನೇ ವಾರದ ಟೈರ್ ಅಂತ. ಮುಖ್ಯವಾಗಿ ಬಿದ್ದಿದ್ದು ಇದೇ ಬೈಕ್ ಆದ್ರೆ ಫೋರ್ಕು (ಮುಂದಿನ ಚಕ್ರ ಹಿಡಿದಿರೋ ಕಂಬಿಗಳು), ಹ್ಯಾಂಡಲ್ ನೆಟ್ಟಗಿದ್ಯಾ ತೋರಿಸಿ, ಎಷ್ಟೋ ಜನ ಪೇಂಟ್ ಮಾತ್ರ ಮಾಡಿಸಿ ಸುಮ್ಮನಾಗ್ತಾರೆ.

ಪ್ರಶ್ನೆ: ನಂದು ಬೆನ್ನಿನ ಆಪರೇಷನ್. ಓಡಿಸೋದು ಬೇಡ, ಹಿಂದೆ ಕೂತ್ಕೊಂಡಾದ್ರೂ ಹೋಗ್ಬಹುದಾ?

ಉತ್ತರ: ಹಿಂದೆ ಕೂರೋದು ಸುಲಭ ಅಂತ ಎಲ್ರೂ ಅಂದ್ಕೊಳ್ತಾರೆ, ಬೆನ್ನಿಗೆ ಅದೇ ಕಷ್ಟ. ಓಡಿಸೋರಿಗೆ ಹಂಪ್ ಬರ್ತಿರೋದು ಕಾಣುತ್ತೆ, ಫುಟ್‌ರೆಸ್ಟ್ ಮೇಲೆ ಕಾಲೂರಿ ಸ್ವಲ್ಪ ಎದ್ದು ತಗೊಳ್ತಾರೆ. ಹಿಂದಿರೋರಿಗೆ ಗೊತ್ತಾಗೋದು ಎತ್ತಿ ಹಾಕಿದ್ಮೇಲೇನೇ, ಅದೂ ಹಿಂದಿನ ಚಕ್ರದ ಮೇಲೇ ಕೂತಿರ್ತಾರೆ. ಸರ್ಜನ್ ಕೂರೋಕೆ, ಬಗ್ಗೋಕೆ ಪೂರ್ತಿ ಒಪ್ಪಿಗೆ ಕೊಡೋ ತನಕ ಆಟೋ, ಕಾರು. ಒಪ್ಪಿಗೆ ಕೊಟ್ಮೇಲೂ ಮೊದ್ಲ ಸಲ ಹತ್ತಿರದ್ದು, ರಸ್ತೆ ಚೆನ್ನಾಗಿರೋದು, ಒಂದು ಪಕ್ಕ ತಿರುಗಿ ಕೂರ್ಬೇಡಿ, ಎರಡೂ ಕಡೆ ಕಾಲು ಹಾಕಿ ಕೂರಿ. ಕಾಲಿಗೆ ಜೋಮು ಬಂದ್ರೆ ಅಲ್ಲೇ ಇಳಿದುಬಿಡಿ.