ಪದಚರ್ಚೆ: 'ಈಕಾಬೋದ್' ಅಂದರೆ ಏನು? ನಾಳೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚ್ ಸಭೆಯ ಸ್ಮರಣ ಸಂಚಿಕೆಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರೆಸ್‌ಗೆ ಹೋಗಬೇಕು. ಪ್ರೀತಿ ಬತ್ತಿದ ಸಭೆಯ ಬಾಗಿಲ ಮೇಲೆ 'ಈಕಾಬೋದ್' ಎಂದು ಬರೆಯಬಹುದು ಅನ್ನುವ ಮಾತು ಅದರಲ್ಲಿದೆ. ಬೈಬಲಿನ 1 ಸಮುವೇಲ 4:21ರಲ್ಲಿ ಬರುವ ಮಗುವಿನ ಹೆಸರು ಇದು. ಹಾಗೇ ಬಿಟ್ಟರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ಕರಡು ನೋಡಿದ ಹುಡುಗನೊಬ್ಬ 'ಈ ಕಾಬೋದ್ ಅಂದ್ರೆ ಯಾವ ಕಾಬೋದ್?' ಎಂದು ಕೇಳಿದ. 'ಮಹಿಮೆ ಹೋಯಿತು' ಎಂದು ಹಾಕಲಾ, 'ಮಹಿಮೆ ಎಲ್ಲಿ?' ಎಂದು ಹಾಕಲಾ? ಒಂದೇ ಪದ ಸಿಕ್ಕರೆ ಇನ್ನೂ ಒಳ್ಳೆಯದು.

———

ಮಹಿಮೆ ಸಂಸ್ಕೃತದ್ದು, ಬೇಡ. ಹಿರಿಮೆ ಅನ್ನಿ. ಒಂದೇ ಪದ ಬೇಕಾದರೆ ಹಳಗನ್ನಡದ 'ಇಲಿ' ಒಟ್ಟು, ಅಂದರೆ ಪದದ ಕೊನೆಗೆ ಸೇರುವ ಪ್ರತ್ಯಯ, ಇದೆ. ಕಣ್ಣಿಲ್ಲದವನು ಕಣ್ಣಿಲಿ, ಹಿರಿಮೆ ಇಲ್ಲದವನು ಹಿರಿಮೆಯಿಲಿ. ಅಚ್ಚಗನ್ನಡ.

———

ಹೆಸರನ್ನು ಯಾರಾದರೂ ಅನುವಾದ ಮಾಡುತ್ತಾರಾ? ಈಕಾಬೋದ್ ಎಂದು ಬರೆಯಿರಿ, ಕೆಳಗೆ ಟಿಪ್ಪಣಿ ಹಾಕಿ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

———

ಇದೆ ಸರ್, ಬಹಳ ಇದೆ. ಮೇಡಂ, ನಾಳೆಯ ಗಡುವು ಗೊತ್ತಿದ್ದೂ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು 'ಕಾಬೋದ್'. ಹೀಬ್ರೂ ಭಾಷೆಯಲ್ಲಿ ಇದರ ಮೂಲ ಕ-ಬ-ದ, ಅಂದರೆ ಭಾರ. ತೂಕ ಇರುವುದಕ್ಕೆ ಮರ್ಯಾದೆ, ಆ ದಾರಿಯಲ್ಲಿ ಭಾರ ಅನ್ನುವುದೇ ಮಹಿಮೆ ಅನ್ನುವ ಅರ್ಥಕ್ಕೆ ಬಂತು. ನಮಗೆ ಇದು ಹೊಸದಲ್ಲ. ಛಂದಸ್ಸಿನ ಗುರು-ಲಘು ನೆನಪಿದೆ ಅಲ್ವಾ, ಆ ಗುರುವಿನಿಂದಲೇ ಗೌರವ ಬಂದದ್ದು. 'ತೂಕದ ಮನುಷ್ಯ' ಅನ್ನುತ್ತೇವೆ, 'ಹಗುರವಾಗಿ ಮಾತಾಡಬೇಡ' ಅನ್ನುತ್ತೇವೆ.

ಈಗ ಅದೇ ಪುಸ್ತಕದಲ್ಲಿ ಬರುವ ಯಾಜಕ ಏಲಿಯ, ಅಂದರೆ ಆ ಮಗುವಿನ ಅಜ್ಜನ, ಕಥೆಯನ್ನು ಈ ಒಂದು ಮೂಲ ಹಿಡಿದುಕೊಂಡು ಓದಿ ನೋಡಿ. 2:29ರಲ್ಲಿ ದೇವರು ಏಲಿಗೆ, ನನಗಿಂತ ನಿನ್ನ ಮಕ್ಕಳನ್ನೇ ಜಾಸ್ತಿ ಗೌರವಿಸಿದೆ ಅನ್ನುತ್ತಾನೆ, ಅಲ್ಲಿರುವುದು ಕ-ಬ-ದ. ಮುಂದಿನ ವಚನದಲ್ಲಿ, ನನ್ನನ್ನು ಗೌರವಿಸುವವರನ್ನು ಗೌರವಿಸುತ್ತೇನೆ, ನನ್ನನ್ನು ಕಡೆಗಣಿಸುವವರು ಹಗುರಾಗುತ್ತಾರೆ, ಅಲ್ಲಿ ಭಾರಕ್ಕೆ ಎದುರಾಗಿ ಹಗುರ ಅನ್ನುವ ಮೂಲವೇ ಬಂದಿದೆ. 4ನೇ ಅಧ್ಯಾಯದಲ್ಲಿ ಮಕ್ಕಳಾದ ಹೊಫ್ನಿ, ಫೀನೆಹಾಸ ಇಬ್ಬರೂ ಯುದ್ಧದಲ್ಲಿ ಸತ್ತರು, ದೇವರ ಸನ್ನಿಧಿಯ ಗುರುತಾದ ಪವಿತ್ರ ಪೆಟ್ಟಿಗೆ, ಮಂಜೂಷ, ಶತ್ರುಗಳಾದ ಫಿಲಿಷ್ಟಿಯರ ಕೈ ಸೇರಿತು. ಮಂಜೂಷದ ಸುದ್ದಿ ಕಿವಿಗೆ ಬಿದ್ದಾಗ 98 ವರ್ಷದ ಏಲಿ ಕೂತಲ್ಲಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದು ಸತ್ತ. ಯಾಕೆಂದರೆ ಅವನು ಮುದುಕ, ಮೈಭಾರ. ಆ 'ಭಾರ'ವೂ ಅದೇ ಪದ! ಅದೇ ದಿನ ಫೀನೆಹಾಸನ ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾ ಮಗುವಿಗೆ 'ಈ-ಕಾಬೋದ್' ಎಂದು ಹೆಸರಿಟ್ಟಳು. ಮುಂದೆ 5:6ರಲ್ಲಿ ಫಿಲಿಷ್ಟಿಯರ ಪಟ್ಟಣವಾದ ಅಷ್ಡೋದಿನವರ ಮೇಲೆ ದೇವರ ಕೈ 'ಭಾರವಾಯಿತು', ಮತ್ತೆ ಅದೇ ಮೂಲ. ಮೈಯಲ್ಲಿ ಭಾರ ಉಳಿದು ಮನೆಯಿಂದ ಘನತೆ ಹೋಗಿಬಿಟ್ಟ ಕಥೆ ಇದು. 'ಮಹಿಮೆ' ಎಂದು ಹಾಕಿದರೆ ಹೊಳಪು ಬರುತ್ತದೆ, ತೂಕ ಬರುವುದಿಲ್ಲ.

ಇನ್ನು 'ಈ'. ನಮ್ಮ 'ಈ' ಅಲ್ಲ, ಆ ಹುಡುಗನಿಗೆ ಹೇಳಿಬಿಡಿ. ಒಂದು ವಿವರಣೆಯಲ್ಲಿ ಅದು 'ಇಲ್ಲ'. ಬೈಬಲಿನದೇ ಯೋಬ 22:30ರಲ್ಲಿ ಹಾಗೆ ಬರುತ್ತದೆ, ಹೀಬ್ರೂವಿಗೆ ಹತ್ತಿರದ ಫಿನೀಷಿಯನ್ ಭಾಷೆಯಲ್ಲೂ ಇದೆ. ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಈ ಹೆಸರಿಗೆ ಮರ್ಯಾದೆಗೇಡು ಅನ್ನುವ ಅರ್ಥವನ್ನೇ ಕೊಟ್ಟ. ಇನ್ನೊಂದು ವಿವರಣೆಯಲ್ಲಿ ಅದು 'ಎಲ್ಲಿ?'. ಸಿರಿಯಾದ ರಾಸ್ ಶಮ್ರಾದಲ್ಲಿ 1929ರಿಂದ ಸಿಕ್ಕ, ಉಗಾರಿತ್ ಎಂಬ ಪುರಾತನ ನಗರದ ಮಣ್ಣಿನ ಫಲಕಗಳಲ್ಲಿ ಬಾಳ್ ದೇವರು ಕಾಣೆಯಾದಾಗ 'ಪ್ರಭು ಎಲ್ಲಿ?' ಎಂದು ಕೇಳುವ ಸಾಲಿದೆ, ಅಲ್ಲಿ ಇದೇ ಪದ. ಬೈಬಲಿನ ರಾಣಿ ಈಜೆಬೆಲ್ ಹೆಸರಿನ ಮೊದಲ ಅಕ್ಷರವನ್ನೂ ಇದರಿಂದಲೇ ಬಿಡಿಸುವವರಿದ್ದಾರೆ. ಬೈಬಲಿನ ಹಳೆಯ ಗ್ರೀಕ್ ಅನುವಾದ ಮಾಡಿದವರಂತೂ ಆ ಜಾಗದಲ್ಲಿ 'ಅಯ್ಯೋ' ಅನ್ನುವ ಪದ ಇಟ್ಟರು.

ನನಗೆ 'ಎಲ್ಲಿ?' ಅನ್ನುವುದೇ ಸರಿ ಕಾಣುತ್ತದೆ. ಗಂಡ, ಮಾವ ಇಬ್ಬರೂ ಸತ್ತ ದಿನ ಸಾಯುತ್ತಿರುವ ಹೆಂಗಸು ವ್ಯಾಕರಣದ ನಿಷೇಧರೂಪ ಹೇಳುವುದಿಲ್ಲ, ಗೋಳಿಡುತ್ತಾಳೆ.

ಪದ ಬೇಕಲ್ವಾ? 'ಘನವೆಲ್ಲಿ?' ಎಂದು ಬರೆಯಿರಿ. ಘನ ಅಂದರೆ ಗಟ್ಟಿ, ಭಾರ. ಘನತೆ ಅಂದರೆ ಮರ್ಯಾದೆ. ನಿಮ್ಮ ಸಭೆಯಲ್ಲೇ 'ದೇವರನ್ನು ಘನಪಡಿಸಿರಿ' ಅನ್ನುವುದಿಲ್ಲವಾ? ಎರಡೂ ಅರ್ಥ ಒಂದೇ ಪದದಲ್ಲಿ ಕೂತಿರುವುದು ನಮ್ಮ ಪುಣ್ಯ.

ಹಿರಿಮೆಯಿಲಿ ಮಾತ್ರ ಬೇಡ. ಇಂದಿನ ಓದುಗರಿಗೆ ಇಲಿ ಅಂದರೆ ಬಿಲದ ಇಲಿಯೇ. ಸಾವಿನ ಮನೆಯ ಮಾತಿಗೆ ಅದು ಒಗ್ಗುವುದಿಲ್ಲ.

———

ಘನವೂ ಸಂಸ್ಕೃತವೇ. ಅಲ್ಲಿಂದ ತರುವುದಾದರೆ ಮಹಿಮೆ ಏನು ತಪ್ಪು ಮಾಡಿತ್ತು? ಹೀಗೆ ಒಂದೊಂದೇ ಪದ ಸಾಲ ತಂದು ತಂದು ನಮ್ಮ ಪದ ಹುಟ್ಟಿಸುವ ಶಕ್ತಿಯೇ ಸತ್ತುಹೋಯಿತು. ಇಲಿ ಅಂದರೆ ಜನ ನಗುತ್ತಾರೆ ಅನ್ನುತ್ತೀರಿ. ಬಳಸದೆ ಬಿಟ್ಟಿದ್ದಕ್ಕೇ ನಗು ಬರುವುದು.

———

ಆ ಕೊನೆಯ ಮಾತಿನಲ್ಲಿ ನಿಜ ಇದೆ, ಒಪ್ಪುತ್ತೇನೆ. ಆದರೆ 12ನೇ ಶತಮಾನದ ಶರಣರು ದೇವರನ್ನೇ 'ಘನ', 'ಮಹಾಘನ' ಎಂದರು. ಅಷ್ಟು ಕಾಲ ಬಾಯಲ್ಲಿ ಉಳಿದ ಪದವನ್ನು ಇನ್ನೂ ಸಾಲ ಅನ್ನುವುದು ಅನ್ಯಾಯ. ಸಭೆಯವರು ಆಮೆನ್, ಹಲ್ಲೆಲೂಯಾ, ಸಬ್ಬತ್ ಅನ್ನುತ್ತಾರಲ್ಲ, ಅವು ಹೀಬ್ರೂ. ಅವನ್ನೂ ಬಿಡಿಸುತ್ತೀರಾ?

———

ಬಿಡಿಸಿ ಅಂದೆನಾ? ಹೆಸರು ಬೇರೆ, ಪದ ಬೇರೆ. ನೀವು ಎರಡನ್ನೂ ಕಲಸುತ್ತಿದ್ದೀರಿ.

———

ಇಬ್ಬರಿಗೂ ಧನ್ಯವಾದ, ಸಾಲದ ಜಗಳ ನೀವೇ ಮುಂದುವರಿಸಿ. ನಾನು ಹೀಗೆ ಬರೆದೆ: 'ಅಂಥ ಸಭೆಯ ಬಾಗಿಲ ಮೇಲೆ ಈಕಾಬೋದ್, ಘನವೆಲ್ಲಿ, ಎಂದು ಬರೆಯಬಹುದು.' ಹೆಸರೂ ಉಳಿಯಿತು, ಅರ್ಥವೂ ಪಕ್ಕದಲ್ಲೇ ಬಂತು. ಅಮ್ಮನಿಗೆ ಓದಿ ಹೇಳಿದೆ. 'ಪಾಪ, ಆ ಮಗುವನ್ನು ಆಮೇಲೆ ಯಾರು ಸಾಕಿದರೋ' ಅಂದರು. ಅದು ಎಲ್ಲಾದರೂ ಬರುತ್ತದಾ?

———

ಬರುವುದಿಲ್ಲ ಮೇಡಂ. ಅದೇ ಪುಸ್ತಕದ 14:3ರಲ್ಲಿ ಅಹೀಟೂಬ ಎಂಬವನನ್ನು 'ಈಕಾಬೋದನ ಅಣ್ಣ' ಎಂದು ಕರೆದಿದ್ದಾರೆ, ಅಷ್ಟೇ.